ಗಾಳಿ ಸೋರದ ಮನೆ

ಸೈಕಲ್ಲಿನ ಟ್ಯೂಬು ಎಲ್ಲಿ ತೂತಾಗಿದೆಯೆಂದು ತಿಳಿಯಲು ಅದಕ್ಕೆ ಗಾಳಿ ಹಾಕಿ, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಸ್ಥಳವನ್ನು ಗುರುತಿಸುವುದನ್ನು ನಾವೆಲ್ಲರೂ ಕಂಡವರೇ. ಹೊಸದಾಗಿ ಕಟ್ಟಿದ ಮನೆಯೊಂದನ್ನು ಇದೇ ನ್ಯಾಯದಿಂದ ಪರೀಕ್ಷಿಸುವ ಪದ್ಧತಿ ಶೀತದೇಶಗಳಲ್ಲಿ ಬೆಳೆದುಬಂದಿದೆ. ಕಿಟಕಿ, ಗವಾಕ್ಷಿ, ಬೆಳಕಿಂಡಿಗಳನ್ನಿಟ್ಟು ಗಾಳಿಯನ್ನು ಕರೆದುಕೊಳ್ಳುವ ನಮಗೆ ಇದು ವಿಚಿತ್ರವೆಂದು ತೋರಬಹುದು. ಆದರೆ ತಿಂಗಳುಗಟ್ಟಲೆ ಹಿಮ ಬೀಳುವ ನಾಡಿನಲ್ಲಿ ಬಿರುಕಿನಿಂದ ಹೊರಬೀಳುವ ಬೆಚ್ಚನೆಯ ಗಾಳಿಯೆಂದರೆ ದುಡ್ಡು ಕೊಟ್ಟು ಕೊಂಡ ಇಂಧನವೇ ಸರಿ. ಅಷ್ಟೇ ಅಲ್ಲ, ಆ ಗಾಳಿಯಲ್ಲಿರುವ ತೇವವು ಗೋಡೆಯೊಳಗೆ ತಣ್ಣಗಾಗಿ ನೀರಾಗಿ ನಿಂತು ಮರವನ್ನು ಕೊಳೆಯಿಸುವುದೂ ಉಂಟು.

1973ರಲ್ಲಿ ಎಣ್ಣೆಯ ಮುಗ್ಗಟ್ಟು ತಲೆದೋರಿ, ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಆಗ ಪಾಶ್ಚಾತ್ಯ ದೇಶಗಳು ಮನೆಯ ಸೋರಿಕೆಯತ್ತ ಕಣ್ಣು ಹಾಯಿಸಿದುವು. 1977ರ ಸುಮಾರಿಗೆ ಸ್ವೀಡನ್ನಿನಲ್ಲಿ ಕಿಟಕಿಯ ಚೌಕಟ್ಟಿಗೆ ದೊಡ್ಡ ಬೀಸಣಿಗೆಯನ್ನು ಜೋಡಿಸಿ ಮನೆಯ ಬಿಗಿತವನ್ನು ಅಳೆಯತೊಡಗಿದರು. ಬ್ಲೂಮ್‌ಸ್ಟರ್‌ಬರ್ಗ್ ಎಂಬ ಸ್ವೀಡಿಷ್ ವಿದ್ವಾಂಸರು ಈ ವಿದ್ಯೆಯನ್ನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೆ ಒಯ್ದರು. ಅಲ್ಲಿ ಬೀಸಣಿಗೆ ಕಿಟಕಿಯನ್ನು ಬಿಟ್ಟು ಬಾಗಿಲಿಗೆ ಬಂದಿತು. ಸೋರಿಕೆಯೆಲ್ಲ ಬಾಗಿಲು ಕಿಟಕಿಗಳ ಸಂದಿನದೆಂಬ ನಂಬಿಕೆಯೂ ಅಲ್ಲಿಯೇ ಸಡಿಲಿತು. ಗೋಡೆಯ ಟೊಳ್ಳುಗಳಿಂದಲೂ ಕೊಳವೆಗಳ ಸುತ್ತಲಿನ ಸಂದುಗಳಿಂದಲೂ ಬಿಸಿಗಾಳಿ ಮೇಲಿನ ಅಟ್ಟಕ್ಕೆ ಗುಟ್ಟಾಗಿ ನುಸುಳುತ್ತಿದ್ದುದು ಬೆಳಕಿಗೆ ಬಂದಿತು.

ಅದೇ 1977ರಲ್ಲಿ ಕೆನಡಾ ದೇಶದ ರೆಜೈನಾ ನಗರದಲ್ಲಿ ಸಸ್ಕ್ಯಾಚವಾನ್ ಸಂರಕ್ಷಣಾ ಗೃಹವೆಂಬ ಮನೆ ಎದ್ದಿತು. ಪ್ರಾಂತದ ಸರ್ಕಾರವು ಬಯಸಿದುದು ಸೂರ್ಯಶಾಖದ ಮನೆಯನ್ನು. ಹೆರಾಲ್ಡ್ ಆರ್ ಮತ್ತು ಸಂಗಡಿಗರಾದರೋ, ಶಾಖವನ್ನು ಗಳಿಸುವುದಕ್ಕೆ ಮೊದಲು ಇದ್ದುದನ್ನು ಉಳಿಸಬೇಕೆಂದು ಬಗೆದು, ಗೋಡೆಯನ್ನು ದಪ್ಪವಾಗಿ ಹೊದಿಸಿ, ಒಳಗೆ ಪ್ಲಾಸ್ಟಿಕ್ ಹಾಳೆಯನ್ನು ಸಂದಿಲ್ಲದಂತೆ ಹಾಸಿದರು. ಕಡುಚಳಿಯ ಆ ಊರಿನಲ್ಲಿ ಈ ಮನೆಗೆ ಕುಲುಮೆಯೇ ಇರಲಿಲ್ಲ!

ಪರೀಕ್ಷೆಯ ಕ್ರಮ ಸರಳವಾದುದು. ಹೊರಬಾಗಿಲುಗಳನ್ನೂ ಕಿಟಕಿಗಳನ್ನೂ ಮುಚ್ಚಿ, ಒಂದು ಬಾಗಿಲಿನಲ್ಲಿ ಬಿಗಿಯಾದ ಪರದೆಯೊಡನೆ ಬೀಸಣಿಗೆಯನ್ನು ನಿಲ್ಲಿಸಿ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ. ಒಳಗಿನ ಒತ್ತಡವು ಹೊರಗಿನದಕ್ಕಿಂತ 50 ಪಾಸ್ಕಲ್, ಎಂದರೆ ಸುಮಾರು 5 ಮಿಲಿಮೀಟರ್ ನೀರಿನ ಭಾರದಷ್ಟು, ಇಳಿದಾಗ ಬೀಸಣಿಗೆಯಲ್ಲಿ ಹರಿಯುವ ಗಾಳಿಯನ್ನು ಅಳೆಯುತ್ತಾರೆ. ಮನೆಯ ಗಾತ್ರ 300 ಘನಮೀಟರ್, ಹರಿದ ಗಾಳಿ ಗಂಟೆಗೆ 180 ಘನಮೀಟರ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ ದೊರೆಯುವ ಅಂಕ 0.6. ಅಂಕ ಇಳಿದಷ್ಟೂ ಮನೆ ಬಿಗಿ. ಹೊಗೆಯನ್ನು ಸಂದುಗಳ ಬಳಿ ಹಿಡಿದರೆ ಅದು ಓಲಾಡಿ ತೂತಿನ ಸ್ಥಳವನ್ನು ತೋರಿಸಿಕೊಡುತ್ತದೆ. ಒಳಗಿನ ಹಲಗೆಗಳನ್ನು ಹೊಡೆಯುವ ಮುನ್ನವೇ ಒಮ್ಮೆ ಪರೀಕ್ಷಿಸುವುದು ಜಾಣತನ. ಮುಚ್ಚಿದ ಮೇಲೆ ತೂತನ್ನು ಹುಡುಕುವುದು ಕಷ್ಟ, ಸರಿಪಡಿಸುವುದು ದುಬಾರಿ.

0.6 ಎಂಬ ಈ ಅಂಕವೇ ಮುಂದೆ ಜರ್ಮನಿಯ 'ಪಾಸಿವ್‌ಹೌಸ್' ಮನೆಗಳಿಗೆ ಮೇರೆಯಾಯಿತು. ಸ್ವೀಡನ್ನಿನ ಬೋ ಆಡಮ್‌ಸನ್ನರೊಡನೆ ಈ ವಿಚಾರವನ್ನು ರೂಪಿಸಿದ ವೋಲ್ಫ್‌ಗಾಂಗ್ ಫೈಸ್ಟರು ಡಾರ್ಮ್‌ಸ್ಟಾಟ್ ನಗರದಲ್ಲಿ ಕಟ್ಟಿಸಿದ ನಾಲ್ಕು ಸಾಲುಮನೆಗಳು 1991ರಲ್ಲಿ ವಾಸಕ್ಕೆ ಸಿದ್ಧವಾದುವು.

ಇಂತಹ ಮನೆಯಲ್ಲಿ ಉಸಿರು ಕಟ್ಟದೆ? ಎಂಬ ಸಂಶಯ ಯಾರಿಗಾದರೂ ಸಹಜವೇ. ತೂತನ್ನು ಮುಚ್ಚಿ ಸುಮ್ಮನಾದರೆ ತೇವವೂ ಕೆಟ್ಟ ಗಾಳಿಯೂ ಒಳಗೇ ನಿಲ್ಲುವುದು ದಿಟ. ಆದುದರಿಂದಲೇ ಸಸ್ಕ್ಯಾಚವಾನಿನ ಮನೆಯಲ್ಲಿಯೂ ಡಾರ್ಮ್‌ಸ್ಟಾಟಿನ ಮನೆಗಳಲ್ಲಿಯೂ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ಒಪ್ಪಿಸುವ ಯಂತ್ರವನ್ನು ಇರಿಸಿದರು. ಗಾಳಿ ಬರಲೇಬೇಕು, ಆದರೆ ಬಿರುಕು ಬಿಟ್ಟ ಕಡೆಯಿಂದಲ್ಲ, ಮನೆಯವರು ಗೊತ್ತುಮಾಡಿದ ದಾರಿಯಿಂದ, ಬೇಕಾದಷ್ಟೇ ಬರಬೇಕು.