ಚೌಕಟ್ಟಿನಿಂದ ಕೈಬೆರಳಿಗೆ: ಬಾಗು ಹ್ಯಾಂಡಲ್ ಸೈಕಲ್ಲಿನಲ್ಲಿ ಗೇರ್ ಶಿಫ್ಟರ್ ಜಾಗ ಬದಲಿಸಿದ ಚರಿತ್ರೆ

ಭಾನುವಳ್ಳಿಯಿಂದ ಹರಿಹರಕ್ಕೆ, ಅಲ್ಲಿಂದ ದಾವಣಗೆರೆಗೆ ಸೈಕಲ್ ತುಳಿದ ಹಳೆಯ ತಲೆಮಾರಿಗೆ ಗೇರಿನ ಪ್ರಶ್ನೆಯೇ ಇರಲಿಲ್ಲ. ಮದ್ರಾಸಿನ ಟಿ.ಐ. ಸೈಕಲ್ಸ್ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ನಾಡಿಗೆಲ್ಲ ಕೊಟ್ಟ ಕರಿ ಸೈಕಲ್ಲಿಗೆ ಹಿಂದೆ ಒಂದೇ ಹಲ್ಲುಚಕ್ರ. ಭದ್ರಾ ನಾಲೆಯ ಗದ್ದೆ ಸೀಮೆಯ ಸಮತಟ್ಟು ದಾರಿಗೆ ಅದು ಸಾಕಾಗಿತ್ತು. ಜನ ‘ಗೇರ್ ಸೈಕಲ್’ ಎಂದು ಕರೆದದ್ದು ಬಹಳ ತಡವಾಗಿ ಬಂತು, ಅದೂ ನೇರ ಹ್ಯಾಂಡಲ್ಲಿನೊಂದಿಗೆ. ಕೆಳಕ್ಕೆ ಬಾಗಿದ ರೇಸಿಂಗ್ ಹ್ಯಾಂಡಲ್ ಹಾಕಿಸಿಕೊಳ್ಳಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಶಿಫ್ಟರನ್ನು ಎಲ್ಲಿ ಕೂರಿಸಬೇಕು ಎಂಬುದು. ಯುರೋಪು, ಜಪಾನುಗಳ ತಯಾರಕರು ಇದೇ ಪ್ರಶ್ನೆಯೊಡನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸೆಣಸಿದ್ದಾರೆ. ಶಿಫ್ಟರಿನ ಜಾಗವನ್ನು ಸವಾರನ ಅನುಕೂಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಅದರಿಂದ ಹೊರಡುವ ಕೇಬಲ್ ಎಂಬುದು ನನ್ನ ವಾದ.

ಫ್ರಾನ್ಸಿನ ಸೇಂಟ್ ಎತಿಯೆನ್‌ನಲ್ಲಿ ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ 20ನೇ ಶತಮಾನದ ಆರಂಭದಲ್ಲೇ ಹಲವು ಗೇರುಗಳ ಪರವಾಗಿ ವಾದಿಸಿದರು. ಆದರೆ ಟೂರ್ ಡಿ ಫ್ರಾನ್ಸ್ ಕಟ್ಟಿದ ಆನ್ರಿ ದೆಗ್ರಾಂಜ್ ಅದನ್ನು ಒಪ್ಪಲಿಲ್ಲ. ಆ ಸ್ಪರ್ಧೆಯ ಪ್ರಮುಖ ಸವಾರರಿಗೆ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಸಿಕ್ಕಿದ್ದು 1937ರಲ್ಲಿ. ಅದುವರೆಗೆ ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನ್ ಹಾಕಿಕೊಳ್ಳಬೇಕಿತ್ತು.

ಇಟಲಿಯ ತುಲ್ಲಿಯೋ ಕಂಪಾನ್ಯೋಲೋ 1940ರ ದಶಕದಲ್ಲಿ ಬಳಕೆಗೆ ತಂದ ‘ಕಾಂಬಿಯೋ ಕೊರ್ಸಾ’ದಲ್ಲಿ ಕೇಬಲ್ಲೇ ಇರಲಿಲ್ಲ. ಸೀಟಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆಯ ಮೇಲೆ ಎರಡು ಉದ್ದ ಕಡ್ಡಿಗಳು. ಓಡುತ್ತಿರುವಾಗಲೇ ಸವಾರ ಹಿಂದಕ್ಕೆ ಕೈಚಾಚಿ ಒಂದರಿಂದ ಚಕ್ರ ಸಡಿಲಿಸಬೇಕು, ಪೆಡಲ್ ಹಿಂದಕ್ಕೆ ತುಳಿಯುತ್ತ ಇನ್ನೊಂದರಿಂದ ಚೈನ್ ಸರಿಸಬೇಕು, ಮತ್ತೆ ಚಕ್ರ ಬಿಗಿಯಬೇಕು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಲ್ಲಿ ದುಡಿದವರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಲೇತ್‌ನಲ್ಲಿ ಗೇರಿನ ಹಿಡಿ ಗೇರ್‌ಬಾಕ್ಸಿನ ಮೈಮೇಲೇ ಇರುತ್ತದೆ. ಸ್ಪಿಂಡಲ್ ನಿಲ್ಲಿಸಿ ಹಿಡಿ ತಿರುಗಿಸಿದರಾಯಿತು. ಸವಾರನಿಗೆ ನಿಲ್ಲಿಸುವ ಅವಕಾಶವಿಲ್ಲ. ಹಿಡಿಯನ್ನು ಯಂತ್ರದ ಪಕ್ಕದಿಂದ ಬಿಡಿಸಿ ಅವನತ್ತ ತರಲೇಬೇಕಿತ್ತು.

ತಂದದ್ದು ಕೇಬಲ್. ಆದರೆ ಅದು ಕೈವರೆಗೆ ಬರದೆ ಫ್ರೇಮಿನ ಮುಂದಿನ ಓರೆ ಕೊಳವೆಯ ಮೇಲೆ ನಿಂತಿತು. ದಶಕಗಳ ಕಾಲ ರೇಸ್ ಸೈಕಲ್ಲಿನ ಶಿಫ್ಟರಿಗೆ ಅದೇ ಮನೆ. ಇದನ್ನು ಹಳಬರ ಹಟ ಎಂದು ಬರೆಯುವವರಿದ್ದಾರೆ; ನಾನು ಒಪ್ಪುವುದಿಲ್ಲ. ಅಲ್ಲಿಂದ ಡಿರೇಲರಿಗೆ ಕೇಬಲ್ ಗಿಡ್ಡ, ತಿರುವು ಕಡಿಮೆ, ಹೊರಕವಚ ಬೇಕಾದದ್ದು ಕೊನೆಯ ಒಂದು ತುಂಡಿಗೆ ಮಾತ್ರ. ಆಗಿನ ಸುರುಳಿ ತಂತಿಯ ಹೊರಕವಚ ಎಳೆತಕ್ಕೆ ಕುಗ್ಗುತ್ತಿತ್ತು. ಕವಚ ಉದ್ದವಾದಷ್ಟೂ ಬೆರಳಿನ ಎಳೆತದಲ್ಲಿ ಒಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಹ್ಯಾಂಡಲ್ಲಿನ ತುದಿಗೆ ತೂರಿಸುವ ಶಿಫ್ಟರುಗಳೂ ಇದ್ದವು. ಕೈ ತೆಗೆಯಲಾಗದ ಕೆಸರು ದಾರಿಯ ಸೈಕ್ಲೋಕ್ರಾಸ್ ಸವಾರರೂ ದೂರ ಪ್ರಯಾಣದವರೂ ಅವನ್ನು ಮೆಚ್ಚಿದರು. ಘರ್ಷಣೆಯ ಬಲದಿಂದ ನಿಲ್ಲುವ ಶಿಫ್ಟರಿನಲ್ಲಿ ಎಳೆತ ತುಸು ಹೆಚ್ಚುಕಡಿಮೆಯಾದರೂ ಸವಾರ ಕಿವಿಯಿಂದಲೇ ಸರಿಪಡಿಸಿಕೊಳ್ಳುತ್ತಿದ್ದ.

1984ರಲ್ಲಿ ಜಪಾನಿನ ಶಿಮಾನೋ ಕಂಪನಿ ತನ್ನ ಡ್ಯೂರಾ-ಏಸ್ ಸರಣಿಯಲ್ಲಿ ‘ಕ್ಲಿಕ್’ ಎಂದು ಗೇರಿಗೊಂದು ನಿಲುಗಡೆ ಕೊಡುವ ಎಸ್‌ಐಎಸ್ ತಂದಾಗ ಆ ಸಡಿಲಿಕೆಗೆ ಜಾಗ ಉಳಿಯಲಿಲ್ಲ. ಒಂದು ಕ್ಲಿಕ್ಕಿಗೆ ಕೇಬಲ್ ಇಷ್ಟೇ ಸರಿಯಬೇಕು. ಹಾಗಾಗಿ ಕವಚವೂ ಬದಲಾಯಿತು: ಸುರುಳಿಯ ಬದಲು ಉದ್ದುದ್ದಕ್ಕೆ ಜೋಡಿಸಿದ, ಕುಗ್ಗದ ಉಕ್ಕಿನ ಎಳೆಗಳು. ಚರಿತ್ರೆಯ ನಿಜವಾದ ತಿರುವು ಇಲ್ಲಿದೆ ಎಂದು ನಾನು ತಿಳಿಯುತ್ತೇನೆ. ಕವಚ ಕುಗ್ಗುವುದು ನಿಂತ ಮೇಲೆ ಶಿಫ್ಟರ್ ಎಷ್ಟು ದೂರವಿದ್ದರೂ ಲೆಕ್ಕ ತಪ್ಪುವುದಿಲ್ಲ. 1990ರಲ್ಲಿ ಶಿಮಾನೋ ಬ್ರೇಕ್ ಹಿಡಿಯೊಳಗೇ ಶಿಫ್ಟರ್ ಸೇರಿಸಿತು. ಇದೇ ಬಗೆಯಲ್ಲಿ 1992ರಲ್ಲಿ ಕಂಪಾನ್ಯೋಲೋ ಕಂಪನಿಯ ಎರ್ಗೋಪವರ್, 2006ರಲ್ಲಿ ಎಸ್‌ಆರ್‌ಎಎಂ ಕಂಪನಿಯ ಡಬಲ್‌ಟ್ಯಾಪ್ ಬಂದವು. 2009ರಲ್ಲಿ ವಿದ್ಯುತ್ತಿನಿಂದ ನಡೆಯುವ ಶಿಮಾನೋದ ಡಿ-ಐ-2 ಬಂದಾಗ ಗೇರಿನ ಮಟ್ಟಿಗೆ ಎಳೆಯುವ ಕೇಬಲ್ಲೇ ಇಲ್ಲವಾಯಿತು. ಒತ್ತುಗುಂಡಿಯನ್ನು ಎಲ್ಲಿ ಬೇಕಾದರೂ ಇಡಬಹುದಾಯಿತು. ಕೈ ಮುಂದಕ್ಕೆ ಚಾಚಿ ಮಲಗಿದಂತೆ ತುಳಿಯುವ ಟೈಮ್ ಟ್ರಯಲ್ ಸೈಕಲ್ಲಿನಲ್ಲಿ ಅದು ಚಾಚುಕೋಲಿನ ತುದಿಯಲ್ಲಿದೆ. ಬೆಂಗಳೂರಿನ ಸವಾರ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದ್ದು ಈ ಬಗೆಯ ಸ್ಪರ್ಧೆಯಲ್ಲೇ.

ಹಿಡಿಯೊಳಗೆ ಗೇರ್ ಸೇರಿದ ಮೇಲೆ ಸವಾರರು ಹೆಚ್ಚು ಹೊತ್ತು ಬ್ರೇಕ್ ಹಿಡಿಯ ಮೇಲೇ ಕೈಯಿಡತೊಡಗಿದರು. ಹಿಡಿಗಳೂ ಹ್ಯಾಂಡಲ್ಲಿನ ಬಾಗಿನಲ್ಲಿ ಮೇಲಕ್ಕೇರಿದವು. ಹಿಡಿಯನ್ನು ಹೀಗೆ ಸರಿಸುವ ಕೆಲಸ ಹೇಳುವಷ್ಟು ಸರಳವಲ್ಲ: ರಬ್ಬರ್ ಮಡಚಿ, ಟೇಪ್ ಬಿಚ್ಚಿ, ಹೆಚ್ಚಿನವುಗಳಲ್ಲಿ 5 ಮಿ.ಮೀ. ಅಲೆನ್ ಕೀಯಿಂದ ಪಟ್ಟಿ ಸಡಿಲಿಸಿ, ಮೇಲೆತ್ತಿದ ಬಳಿಕ ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯುವುದೇ ಎಂದು ನೋಡಬೇಕು. ಬಿಗಿದರೆ ಹೊರಕವಚ ಉದ್ದದ್ದು ಹಾಕಲೇಬೇಕು.

ನಮ್ಮ ಕಡೆ ನೇರ ಹ್ಯಾಂಡಲ್ಲಿನ ಗೇರ್ ಸೈಕಲ್ಲನ್ನು ಬಾಗು ಹ್ಯಾಂಡಲ್ಲಿಗೆ ಬದಲಿಸುವವರಿಗೆ ಇನ್ನೊಂದು ಅಡ್ಡಿ ಇದೆ. ನೇರ ಹ್ಯಾಂಡಲ್ಲಿನ ಹಿಡಿಜಾಗದ ವ್ಯಾಸ 22.2 ಮಿ.ಮೀ., ಬಾಗಿನದು 23.8. ಹಳೆಯ ಶಿಫ್ಟರಿನ ಪಟ್ಟಿ 1.6 ಮಿ.ಮೀ. ಅಂತರದಲ್ಲಿ ಕೂರುವುದಿಲ್ಲ, ಬಲವಂತವಾಗಿ ಅಗಲಿಸಿದರೆ ಬಿರುಕು ಬಿಡುತ್ತದೆ. ಇಂಥವರಿಗೆ ನಾನು ಸೂಚಿಸುವುದು ಹ್ಯಾಂಡಲ್ ತುದಿಯ ಶಿಫ್ಟರ್, ಅದರಲ್ಲೂ ಘರ್ಷಣೆಯದು. ಅದು ಕ್ಲಿಕ್ಕಿನ ಲೆಕ್ಕಕ್ಕೆ ಕಟ್ಟುಬೀಳುವುದಿಲ್ಲ, ಯಾವ ಕಂಪನಿಯ ಡಿರೇಲರಿಗೂ ಹೊಂದುತ್ತದೆ. ರೋಡ್ ಹಂಪ್, ಗುಂಡಿ, ಎದುರಿಗೆ ಬರುವ ಟ್ರ್ಯಾಕ್ಟರ್‌ಗಳ ನಡುವೆ ಹ್ಯಾಂಡಲ್ ಬಿಟ್ಟು ಓರೆ ಕೊಳವೆಯತ್ತ ಬಗ್ಗಬೇಕಾದ ಪ್ರಮೇಯವೂ ಇರುವುದಿಲ್ಲ.

ಶಿಫ್ಟರಿನ ಜಾಗ ಇಂದಿಗೂ ಇತ್ಯರ್ಥವಾಗಿಲ್ಲ. ಗಾಳಿಗೆ ಎದೆ ಕಿರಿದಾಗಿಸಲು ಸವಾರರು ಹಿಡಿಗಳನ್ನು ಒಳಕ್ಕೆ ಓರೆಯಾಗಿ ತಿರುಗಿಸತೊಡಗಿದಾಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಮಧ್ಯೆ ಬಂತು. 2024ರ ಜನವರಿಯಿಂದ ರಸ್ತೆ ಸ್ಪರ್ಧೆಗಳಲ್ಲಿ ಹಿಡಿಗಳು 10 ಡಿಗ್ರಿಗಿಂತ ಹೆಚ್ಚು ಒಳಕ್ಕೆ ವಾಲುವಂತಿಲ್ಲ.