ತುರಿಕೆ, ತೊನ್ನು ಮತ್ತು ಅಮ್ಮನ ಕಾಟ

ಚರ್ಮದ ಡಾಕ್ಟರನ್ನು ಕಂಡು ಬಂದವರು ಈಗೀಗ ಮುಲಾಮಿನ ಟ್ಯೂಬಿನ ಜೊತೆ ಒಂದು ಬುದ್ಧಿಮಾತನ್ನೂ ಹೊತ್ತು ತರುತ್ತಾರೆ: 'ಟೆನ್ಷನ್ ಮಾಡ್ಕೋಬೇಡಿ.' ಮೊಬೈಲಿನ ವಿಡಿಯೋಗಳಲ್ಲಂತೂ ಇಸುಬು, ಸೋರಿಯಾಸಿಸ್, ತೊನ್ನು, ಮೊಡವೆ ಎಲ್ಲಕ್ಕೂ ಮನಸ್ಸೇ ಮೂಲ. ವಿಜ್ಞಾನದ ವೇಷ ತೊಟ್ಟ ಈ ಮಾತು ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೊಸದೇನೂ ಅಲ್ಲ. ಅಲ್ಲಿನ ಗುಹೆಯಲ್ಲಿ ಕೂತ ರೇಣುಕಾಂಬೆಯ ಕಥೆಯೇ ಹಾಗಿದೆ.

ನೀರು ತರಲು ಹೋದ ರೇಣುಕೆ ಗಂಧರ್ವನನ್ನು ಕಂಡು ಒಂದು ಗಳಿಗೆ ಮೈಮರೆತಳು. ಮರಳಿನ ಕೊಡ ನಿಲ್ಲಲಿಲ್ಲ, ಜಮದಗ್ನಿ ಶಪಿಸಿದ. ಸವದತ್ತಿ ಸೀಮೆಯ ಜನ ಹೇಳುವ ಎಲ್ಲಮ್ಮನ ಕಥೆಯಲ್ಲಿ ಆ ಶಾಪ ಮೈಮೇಲೆ ತೊನ್ನಾಗಿ, ಕುಷ್ಠವಾಗಿ ಏಳುತ್ತದೆ. ಎಕ್ಕಯ್ಯ, ಜೋಗಯ್ಯ ಎಂಬ ಸಿದ್ಧರ ಆರೈಕೆಯಲ್ಲಿ ಮೈ ಮತ್ತೆ ತಿಳಿಯಾಗುತ್ತದೆ. ಇಂದಿಗೂ ಎಲ್ಲಮ್ಮನ ಗುಡ್ಡ ಹತ್ತುವವರು ಮೊದಲು ಮೀಯುವುದು ಜೋಗುಳಬಾವಿಯಲ್ಲಿ. ಮನಸ್ಸು ಒಂದು ಕ್ಷಣ ಕದಲಿದ್ದಕ್ಕೆ ಚರ್ಮ ದಂಡ ತೆತ್ತ ಕಥೆ ಇದು. ಚರಕಸಂಹಿತೆಯ ಚಿಕಿತ್ಸಾಸ್ಥಾನವೂ ತೊನ್ನಿಗೆ ವಿರುದ್ಧ ಆಹಾರದ ಜೊತೆಗೆ ಸುಳ್ಳು, ಕೃತಘ್ನತೆ, ದೇವನಿಂದೆಗಳನ್ನು ಕಾರಣವೆಂದು ಪಟ್ಟಿ ಮಾಡುತ್ತದೆ. ಸಂಬಂಧವನ್ನು ಹಿರಿಯರು ಕಂಡಿದ್ದರು, ನಿಜ. ಆದರೆ ಕಂಡದ್ದು ಆರೋಪವಾಗಿ.

ಮುಂದಿನದನ್ನು ಬೇಗ ದಾಟಬಹುದು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡ. ಪಾಪದ ಜಾಗಕ್ಕೆ ಬ್ಯಾಕ್ಟೀರಿಯಾ ಬಂತು. 1982ರ ಹೊತ್ತಿಗೆ ಬಹುಔಷಧ ಚಿಕಿತ್ಸೆಯೂ ಬಂತು. ಕಳಂಕ ಮಾತ್ರ ಮಾತ್ರೆಗೆ ಬಗ್ಗಲಿಲ್ಲ: ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ನಮ್ಮ ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.

ಚಂದ್ರಗುತ್ತಿ ದೇಶದ ಪತ್ರಿಕೆಗಳಿಗೆ ಸುದ್ದಿಯಾದದ್ದು 1986ರ ಮಾರ್ಚಿನಲ್ಲಿ. ಮಕ್ಕಳಾಗಲಿ, ಮದುವೆಯಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುವ ರೂಢಿಯಿತ್ತು. ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ, ಪೊಲೀಸರ ಮೇಲೆ ಗುಂಪು ತಿರುಗಿಬಿತ್ತು. ಮಹಿಳಾ ಪೊಲೀಸರ ಬಟ್ಟೆಯನ್ನೂ ಕಿತ್ತರು. ಬೆತ್ತಲೆ ಸೇವೆ ನಿಷೇಧವಾಯಿತು, ಆಗಲೇಬೇಕಿತ್ತು. ಆಮೇಲೆ ನಡೆದ ಚರ್ಚೆಯೆಲ್ಲ ಮಾನದ್ದು, ಜಾತಿಯದ್ದು, ಕಾನೂನಿನದ್ದು. ಹರಕೆಯ ಹಿಂದಿನ ಕಾಯಿಲೆಯ ಕಡೆಗೆ ಮಾತು ಹೊರಳಲೇ ಇಲ್ಲ.

ಹರಕೆಯ ಹಿಂದೆ ಕಾಯಿಲೆ ಮರೆಯಾಗುವುದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ ಎಲ್ಲಮ್ಮನ ಜಡೆ. ಹುಡುಗಿಗೆ ಜ್ವರ ಬಂದು ನಾಲ್ಕಾರು ವಾರ ಮಲಗುತ್ತಾಳೆ, ಇಲ್ಲವೇ ಮನಸ್ಸು ಮುದುಡಿ ತಲೆ ಬಾಚುವುದನ್ನೇ ಬಿಡುತ್ತಾಳೆ. ಕೂದಲು ಗಂಟು ಕಟ್ಟುತ್ತದೆ. ಬಾಚಣಿಗೆ ಒಳಗೆ ಹೋಗದು. ಮನೆಯ ಹಿರಿಯಳೊಬ್ಬಳು ಮುಟ್ಟಿ ನೋಡಿ 'ಅಮ್ಮ ಬಂದಾಳೆ' ಅನ್ನುತ್ತಾಳೆ. ಬಿಡಿಸುವ ಬದಲು ಗಂಟಿಗೆ ಎಣ್ಣೆ, ಭಂಡಾರ ಬೀಳುತ್ತದೆ. ವರ್ಷದೊಳಗೆ ಅದು ಹಗ್ಗದಂತೆ ಗಟ್ಟಿ. ಚರ್ಮವೈದ್ಯದ ಪುಸ್ತಕದಲ್ಲಿ ಇದಕ್ಕೆ 'ಪ್ಲೈಕಾ ನ್ಯೂರೊಪ್ಯಾಥಿಕಾ' ಎಂಬ ಹೆಸರಿದೆ, ಒಂದು ಪುಟವೂ ಇದ್ದೀತು. ಬೆಳಗಾವಿ, ಬಾಗಲಕೋಟೆ ಕಡೆ ಈ ಒಂದು ಗಂಟು ಎಷ್ಟೋ ಹುಡುಗಿಯರನ್ನು ಮುತ್ತು ಕಟ್ಟಿ ದೇವದಾಸಿಯಾಗಿಸುವ ತನಕ ಒಯ್ದಿದೆ. 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರ ಸುಧಾರಕರು ಕತ್ತರಿ ಹಿಡಿದು ಜಡೆ ಕತ್ತರಿಸಿದರು. ಗಂಟು ಹೋಯಿತು, ಕತ್ತರಿಸಿದ್ದಕ್ಕೆ ಅಮ್ಮ ಮುನಿದಾಳೆಂಬ ಭಯಕ್ಕೆ ಔಷಧ ಕೊಡುವವರು ಅಲ್ಲಿರಲಿಲ್ಲ.

ಇತ್ತ ಪ್ರಯೋಗಾಲಯಗಳಲ್ಲಿ ಚರ್ಮ-ಮನಸ್ಸಿನ ನಂಟಿನ ಎಳೆಗಳು ಸಿಗುತ್ತಾ ಹೋದವು. ಭ್ರೂಣದಲ್ಲಿ ಮಿದುಳೂ ಚರ್ಮದ ಮೇಲ್ಪದರವೂ ಹುಟ್ಟುವುದು ಒಂದೇ ಹೊರಪದರದಿಂದ. ಒತ್ತಡ ಹೆಚ್ಚಿದಾಗ ಕಾರ್ಟಿಸಾಲ್ ಏರುತ್ತದೆ, ನರದ ತುದಿಗಳು ಸೂಸುವ ರಾಸಾಯನಿಕಗಳು ಚರ್ಮದ ಮಾಸ್ಟ್ ಕೋಶಗಳನ್ನು ಕೆರಳಿಸುತ್ತವೆ. ತುರಿಕೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ತುರಿಕೆ ಹೆಚ್ಚಿಸುತ್ತದೆ. 1998ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ತಂಡ 37 ಸೋರಿಯಾಸಿಸ್ ರೋಗಿಗಳಲ್ಲಿ ಕೆಲವರಿಗೆ ಬೆಳಕಿನ ಚಿಕಿತ್ಸೆಯ ವೇಳೆ ಧ್ಯಾನದ ಟೇಪು ಕೇಳಿಸಿತು. ಅವರ ಚರ್ಮ ಬೇಗ ತಿಳಿಯಾಯಿತು. ಧ್ಯಾನ ಶಿಬಿರದವರು ಇದನ್ನು ಈಗಲೂ ಹೊತ್ತು ಮೆರೆಸುತ್ತಾರೆ. ಬೆಳಕಿನ ಚಿಕಿತ್ಸೆ ಎರಡೂ ಗುಂಪಿಗೆ ಸಿಕ್ಕಿತ್ತು ಎಂಬುದನ್ನು ಮಾತ್ರ ಮರೆಯುತ್ತಾರೆ.

ನಮ್ಮಲ್ಲಿ ಮನೋವೈದ್ಯಕೀಯ ಮೈತುಂಬಿಕೊಂಡದ್ದು ಬೆಂಗಳೂರಿನ ನಿಮ್ಹಾನ್ಸ್ ಪೀಳಿಗೆಯಿಂದ. 1974ರಲ್ಲಿ ಸಂಸ್ಥೆ ಈಗಿನ ರೂಪ ತಾಳಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಹಳ್ಳಿಗೆ ಇಳಿದ ಮನೋವೈದ್ಯಕೀಯ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ತಲುಪಿತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು, ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರ ಕಥೆ, ಸಿನಿಮಾಗಳು 'ಮನಸ್ಸಿಗೂ ಡಾಕ್ಟರಿದ್ದಾರೆ' ಎಂಬುದನ್ನು ಮಲೆನಾಡಿನ ಮನೆಮನೆಗೆ ಮುಟ್ಟಿಸಿದವು. ಬಳ್ಳಾರಿ ಯೋಜನೆಯ ಒತ್ತು ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯದ ಮೇಲಿತ್ತು. ಚರ್ಮ ಆ ಪಟ್ಟಿಯಲ್ಲಿರಲಿಲ್ಲ.

ಈ ಕೊರತೆ ತುಂಬಿದವರು ಎರಡು ಬಗೆಯವರು. 2001ರಲ್ಲಿ ಚಂಡೀಗಢದ ಪಿಜಿಐ ತಂಡ ತೊನ್ನಿನ ರೋಗಿಗಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ, ಸೋರಿಯಾಸಿಸ್ ಇದ್ದವರಲ್ಲಿ ನಾಲ್ಕರಲ್ಲೊಬ್ಬರಿಗೆ ಮಾನಸಿಕ ತೊಂದರೆ ಕಂಡಿತು. ತೊನ್ನು ತುರಿಸದು, ಉರಿಯದು, ಸಿಪ್ಪೆ ಉದುರಿಸದು. ಆದರೂ ನೋವು ಅದರಲ್ಲೇ ಹೆಚ್ಚು. ಕಂದು ಮೈಯ ಮೇಲಿನ ಬಿಳಿ ಮಚ್ಚೆಯನ್ನು ನೋಡುವ ಕಣ್ಣುಗಳು ಅಲ್ಲಿ ಕೆಲಸ ಮಾಡುತ್ತಿವೆ. ನಿಮ್ಹಾನ್ಸ್‌ನ ಡಾ. ಸಂತೋಷ್ ಚತುರ್ವೇದಿ ಮತ್ತು ಸಂಗಡಿಗರು 2005ರಲ್ಲಿ ಚರ್ಮರೋಗದ ಕಳಂಕವನ್ನು ಭಾರತೀಯ ದೃಷ್ಟಿಯಿಂದ ಬರೆದದ್ದು ಇದೇ ದಾರಿಯಲ್ಲಿ. ಇನ್ನೊಂದು ಬಗೆ ಮಣಿಪಾಲದ್ದು. ಡಾ. ಶ್ರುತಕೀರ್ತಿ ಶೆಣೈ, ಡಾ. ಸ್ಮಿತಾ ಪ್ರಭು ಮುಂತಾದವರು ಚರ್ಮ ಮತ್ತು ಮನಸ್ಸಿನ ಜಂಟಿ ಕ್ಲಿನಿಕ್ ನಡೆಸಿ 2013ರಲ್ಲಿ ಅನುಭವ ಪ್ರಕಟಿಸಿದರು. ಮೈಯಲ್ಲಿ ಹುಳ ಹರಿಯುತ್ತಿದೆ ಎಂದು ಬೆಂಕಿಪೊಟ್ಟಣದಲ್ಲಿ ಸಿಪ್ಪೆ ತುಂಬಿಕೊಂಡು ಬರುವವರನ್ನು 'ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ' ಎಂದರೆ ಅವರು ಊರು ಬಿಟ್ಟಾರೇ ಹೊರತು ಆ ಬಾಗಿಲು ತಟ್ಟಲಾರರು. ಜಂಟಿ ಕ್ಲಿನಿಕ್ಕಿನಲ್ಲಿ ಆ ಬಾಗಿಲೇ ಬೇಕಿಲ್ಲ. ದೊಡ್ಡ ಸಿದ್ಧಾಂತಗಳಿಗಿಂತ ಈ ಸಣ್ಣ ಏರ್ಪಾಟು ಹೆಚ್ಚು ದುಡಿದಿದೆ.

ಚರ್ಮರೋಗದ ಸಂಕಟವನ್ನು ಅಳೆಯುವ ಕೋಲು ಮಾತ್ರ ಹೊರಗಿನದು. 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಸೂಚ್ಯಂಕವೇ ಎಲ್ಲೆಡೆ ಪ್ರಮಾಣ. ಅಂಗಡಿ, ಮನೆ, ತೋಟದ ಕೆಲಸಕ್ಕೆ ಚರ್ಮದಿಂದ ಅಡ್ಡಿಯಾಯಿತೇ ಎಂದು ಅದು ಕೇಳುತ್ತದೆ. ಅದರ ತೋಟ ಮನೆಯೆದುರಿನ ಹೂಗಿಡಗಳದ್ದು. ಸೊರಬದಲ್ಲಿ ತೋಟವೆಂದರೆ ಅಡಿಕೆ, ಅಂದರೆ ಅನ್ನ. ಸುಲಿಯುವ ಹೊತ್ತಿನಲ್ಲಿ ಕೈ ಕಪ್ಪಾಗಿ ಒಡೆದರೂ ಕೆಲಸ ನಿಲ್ಲದು. ಉತ್ತರ 'ಇಲ್ಲ' ಎಂದು ಬೀಳುತ್ತದೆ, ಅಂಕ ಸೊನ್ನೆ.

ಆ ಸೂಚ್ಯಂಕ ಕೇಳದ ಪ್ರಶ್ನೆಗಳು ಇನ್ನೂ ಇವೆ. ಮುಂಗೈಯ ಬಿಳಿ ಮಚ್ಚೆಯ ಮೇಲೆ ಬಳೆ ಎಳೆದುಕೊಂಡು, ಸೆರಗಿನ ತುದಿ ಸುತ್ತಿಕೊಂಡು ಹೊರರೋಗಿ ವಿಭಾಗದಲ್ಲಿ ಕೂರುವ ಹೆಂಗಸರನ್ನು ಈ ಕಡೆಯ ಡಾಕ್ಟರುಗಳೆಲ್ಲ ನೋಡಿರುತ್ತಾರೆ. ಎಷ್ಟು ದಿನದಿಂದ, ಹರಡುತ್ತಿದೆಯಾ, ಮನೆಯಲ್ಲಿ ಯಾರಿಗಾದರೂ ಇದೆಯಾ ಎಂಬ ಪ್ರಶ್ನೆಗಳು ಮುಗಿಯುತ್ತವೆ. ಚೀಟಿ ಹರಿದು ಕೊಡುವ ಹೊತ್ತಿಗೆ ಆಕೆ ದನಿ ತಗ್ಗಿಸುತ್ತಾಳೆ: 'ಮಗಳಿಗೆ ಗಂಡು ನೋಡ್ತಾ ಇದೀವಿ ಸಾರ್, ಅಷ್ಟರೊಳಗೆ ಹೋಗುತ್ತಾ?' ಅಷ್ಟರಲ್ಲಿ ಜವಾನ ಮುಂದಿನ ನಂಬರು ಕೂಗಿರುತ್ತಾನೆ.