ಕರಗುವ ಕಲ್ಲು, ಕರಗದ ಕಲ್ಲು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಂಥ ಊರಿನಲ್ಲಿ ಪಕ್ಕೆನೋವು ಕಿಡ್ನಿ ಕಲ್ಲಿನದ್ದೆಂದು ಗೊತ್ತಾದರೆ ಔಷಧಿ ಹೇಳುವವರಿಗೆ ಬರವಿಲ್ಲ. ಬರಿಹೊಟ್ಟೆಗೆ ಕಾಡುಬಸಳೆ ಎಲೆ, ಬಾಳೆದಿಂಡಿನ ರಸ, ಹುರುಳಿಕಟ್ಟು, ಮೆಡಿಕಲ್ ಶಾಪಿನ ಸಿರಪ್ಪು. ಎಲ್ಲರೂ ಹೇಳುವುದು ಕಲ್ಲು ಕರಗುತ್ತದೆ ಎಂದೇ. ಈ ಚಿಕಿತ್ಸೆಯ ಚರಿತ್ರೆಯಲ್ಲಿ ಆ ಭರವಸೆ ಕಾಲಕಾಲಕ್ಕೆ ಕಿರಿದಾಗುತ್ತ ಬಂದಿದೆ.

ಸುಶ್ರುತ ಸಂಹಿತೆ ಅಶ್ಮರಿಯನ್ನು, ಅಂದರೆ ಮೂತ್ರದ ಕಲ್ಲನ್ನು, ನಾಲ್ಕು ಬಗೆಯಾಗಿ ವಿಂಗಡಿಸಿ, ಎಳೆಯದಕ್ಕೆ ಔಷಧ, ಬೆಳೆದದ್ದಕ್ಕೆ ಶಸ್ತ್ರ ಎಂದಿತು. ಈ ಎಚ್ಚರ ಎಲ್ಲರಿಗೂ ಇರಲಿಲ್ಲ. 1739ರಲ್ಲಿ ಬ್ರಿಟನ್ ಸಂಸತ್ತು ಜೊವಾನಾ ಸ್ಟೀಫನ್ಸ್ ಎಂಬಾಕೆಗೆ 5,000 ಪೌಂಡ್ ಕೊಟ್ಟು ಕಲ್ಲು ಕರಗಿಸುವ ಗುಟ್ಟು ಕೊಂಡಿತು. ಒಳಗಿದ್ದದ್ದು ಸುಟ್ಟ ಮೊಟ್ಟೆಚಿಪ್ಪು, ಬಸವನಹುಳು, ಸೋಪು, ಗಿಡಮೂಲಿಕೆ!

ನಿಜವಾಗಿ ಮಾತ್ರೆಗೆ ಕರಗುವುದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲು. ಮೂತ್ರದ ಹುಳಿ ತಗ್ಗಿಸಿದರೆ ಅದು ಕರಗತೊಡಗುತ್ತದೆ. ಹೀಗೆ ಹುಳಿ ತಗ್ಗಿಸುವ, ಡಲ್ಲಾಸ್‌ನ ಚಾರ್ಲ್ಸ್ ಪ್ಯಾಕ್ ಬಳಗ ಅಧ್ಯಯನ ಮಾಡಿದ ಪೊಟ್ಯಾಸಿಯಂ ಸಿಟ್ರೇಟ್‌ಗೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಅದು ಕರಗಿಸದು. ಮತ್ತೆ ಕಟ್ಟದಂತೆ ತಡೆಯಲು ನೆರವಾಗುತ್ತದೆ. ಸೋಂಕಿನಿಂದಾಗುವ ಕಲ್ಲಿಗಂತೂ ಬೆಳೆಯಲು ಕ್ಷಾರದ ಮೂತ್ರವೇ ಅನುಕೂಲ. ಹೀಗಿರುವಾಗ ಯಾವ ಕಲ್ಲೆಂದು ತಿಳಿಯದೆ ತಿಂಗಳುಗಟ್ಟಲೆ ಸಿರಪ್ಪು ಕುಡಿಯುವುದು ನನಗೆ ಕಣ್ಣು ಮುಚ್ಚಿ ಕಲ್ಲೆಸೆದಂತೆ ಕಾಣುತ್ತದೆ.

ಮುಂದೆ, ಕರಗಿಸುವುದರ ಬದಲು ಇಳಿಸುವುದಕ್ಕೆ ಗಮನ ಹೊರಳಿತು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮೂತ್ರನಾಳವನ್ನು ಸಡಿಲಿಸುತ್ತದೆಂಬ ಕಾರಣಕ್ಕೆ 2000ದ ನಂತರ ಕಲ್ಲಿನ ಚೀಟಿಗೂ ಬಂತು. 2015ರ ಬ್ರಿಟಿಷ್ ಪ್ರಯೋಗ ಆ ಉತ್ಸಾಹಕ್ಕೆ ತಣ್ಣೀರೆರಚಿತು: ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಮಾತ್ರೆ ನುಂಗಿದವರಲ್ಲೂ ಹುಸಿಮಾತ್ರೆ ನುಂಗಿದವರಲ್ಲೂ ಸುಮಾರು ಶೇ 80 ಮಂದಿಗೆ ನಾಲ್ಕು ವಾರಗಳೊಳಗೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ನಾಳದ ಕೆಳಭಾಗದಲ್ಲಿರುವ 5ರಿಂದ 10 ಮಿ.ಮೀ. ಕಲ್ಲಿಗೆ ಪ್ರಯೋಜನವಿದೆ ಎಂಬ ವಾದ ಉಳಿದುಕೊಂಡಿದೆ. ಮತ್ತೆ ಕಲ್ಲಾಗದಿರಲೆಂದು ದಶಕಗಳಿಂದ ಕೊಡುತ್ತಿದ್ದ ಹೈಡ್ರೋಕ್ಲೋರೋಥಯಝೈಡ್ ಕೂಡ 2023ರಲ್ಲಿ ಪ್ರಕಟವಾದ 416 ಜನರ ಪ್ರಯೋಗದಲ್ಲಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ.

ನೋವಿನ ಮಾತು ಬೇರೆ. ಕಿಡ್ನಿ ಗಟ್ಟಿಯಿದ್ದವರಿಗೆ ಡೈಕ್ಲೋಫೆನಾಕ್ ಗುಂಪಿನ ಔಷಧವೇ ಇಂದಿಗೂ ಮೊದಲ ಆಯ್ಕೆ. ನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಮನೆಮದ್ದೂ ಬೇಡ, ಕಾಯುವುದೂ ಬೇಡ. ದಾವಣಗೆರೆಯೋ ಶಿವಮೊಗ್ಗವೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಇಷ್ಟೆಲ್ಲ ಪರೀಕ್ಷೆಗಳ ನಡುವೆ ಗಟ್ಟಿಯಾಗಿ ನಿಂತದ್ದು ನೀರು. ಇಟಲಿಯ ಬೋರ್ಗಿ ಬಳಗ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ವರದಿ ಮಾಡಿತು. ದಿನಕ್ಕೆ ಎರಡು ಲೀಟರ್ ಮೂತ್ರವಾಗುವಷ್ಟು ನೀರು ಕುಡಿದವರಲ್ಲಿ ಶೇ 12ರಷ್ಟು ಮಂದಿಗೆ, ಉಳಿದವರಲ್ಲಿ ಶೇ 27ರಷ್ಟು ಮಂದಿಗೆ ಕಲ್ಲು ಮರಳಿತು. ಹುರುಳಿಕಟ್ಟು, ಬಾಳೆದಿಂಡಿನ ಕೀರ್ತಿಯಲ್ಲೂ ಜೊತೆಗೆ ಕುಡಿದ ನೀರಿನ ಪಾಲು ದೊಡ್ಡದಿರಬೇಕು. ಆದರೆ ಜಗಳೂರಿನ ಬಿಸಿಲಲ್ಲಿ ಕಳೆ ಕೀಳುವ ಹೆಣ್ಣಾಳಿಗೆ, ಬಂಜಾರರ ಸಂತ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪದ ಭಾಯಾಗಡಕ್ಕೆ ನಡೆದು ಬರುವ ಭಕ್ತೆಗೆ ‘ನೀರು ಕುಡಿಯಿರಿ’ ಎಂದರೆ ಸಾಲದು. ದಾರಿಯಲ್ಲಿ ಶೌಚಾಲಯವಿಲ್ಲದಿದ್ದರೆ ಆಕೆ ಕುಡಿಯುವುದೇ ಇಲ್ಲ.

ಇನ್ನೊಂದು ಅಗ್ಗದ ಸಾಧನ ಬಟ್ಟೆಯ ಸೋಸುಕ. ಇಳಿದ ಕಲ್ಲನ್ನು ಸೋಸಿ ಹಿಡಿದು ವೈದ್ಯರಿಗೆ ಒಪ್ಪಿಸಿದರೆ, ಪ್ರಯೋಗಾಲಯ ಅದರ ಜಾತಿ ಹೇಳುತ್ತದೆ. ಸಿಟ್ರೇಟ್ ಬೇಕೋ ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಬೇಕೋ ಎಂಬುದು ಆಮೇಲಿನ ಲೆಕ್ಕ.